ಬಟ್ಟೆ ಸುತ್ತಿದ ಚೊಂಬು

ನಮ್ಮೂರಲ್ಲಿ ಬಿಕ್ಕಳಿಕೆ ಬಂದವರಿಗೆ ಯಾರೂ ನೀರು ಕೊಡುವುದಿಲ್ಲ. ಒಮ್ಮೆ ಅವರ ಮುಖ ನೋಡುತ್ತಾರೆ, ಆಮೇಲೆ ಸುತ್ತಮುತ್ತ ಯಾರಿದ್ದಾರೆ, ಯಾರಿಲ್ಲ ಅಂತ ನೋಡುತ್ತಾರೆ. ಬೇರೆ ಊರುಗಳಲ್ಲಿ ಯಾರೋ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದೆ ಅಂತ ಮಾತಿಗೆ ಹೇಳುತ್ತಾರಂತೆ. ನಮ್ಮಲ್ಲಿ ಅದು ಬರೀ ಮಾತಲ್ಲ. ಕಣ್ಣಿಗೆ ಕಾಣದ ಕಡೆ ಇರುವವರು ಒಮ್ಮೆ ಮನಸ್ಸಿಟ್ಟು ನೆನೆದರೆ ಒಂದು ಬಿಕ್ಕಳಿಕೆ, ಹತ್ತು ಸಲ ನೆನೆದರೆ ಹತ್ತು. ಎದುರಿಗೇ ಕೂತವರು ಎಷ್ಟು ಯೋಚಿಸಿದರೂ ಬರುವುದಿಲ್ಲ. ಯಾರು ನೆನೆದರು, ಯಾಕೆ ನೆನೆದರು ಅನ್ನುವುದು ಮಾತ್ರ ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಮುಗಿದ ಮೇಲೂ ಒಂದು ಗಂಟೆ, ಹುಡುಗಿಗೆ ಬಿಕ್ಕಳಿಕೆ ಬರುತ್ತದೋ ಅಂತ ನೋಡುತ್ತಾ ಕೂತಿರುತ್ತಾರೆ. ಊಟಕ್ಕೆ ಕೂತ ಗಂಡ ಬಿಕ್ಕಳಿಸಿದರೆ ಹೆಂಡತಿ ಸಾರಿನ ಸೌಟನ್ನು ಹಾಗೇ ಹಿಡಿದು ನಿಲ್ಲುತ್ತಾಳೆ. ಸಂಗೀತ ಹೇಳುವವರು ಕಛೇರಿಯ ದಿನ ತಮ್ಮನ್ನು ನೆನೆಯುವಂಥವರನ್ನೆಲ್ಲ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿಕೊಳ್ಳುತ್ತಾರೆ.

ನನ್ನ ಹೆಸರು ವಾರಿಜಾ. ಗೋವರ್ಧನ ಶೆಟ್ಟರ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವುದು ನನ್ನ ಕೆಲಸವಾಗಿತ್ತು. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಗಳ ಮೇಲೆ ಸಣ್ಣ ಮಿಷನ್ನಿನಿಂದ ಹೆಸರು ಕೊರೆಯಬೇಕು. ಒಂದು ಅಕ್ಷರ ತಪ್ಪಿದರೂ ಪಾತ್ರೆ ಕೆಟ್ಟ ಹಾಗೆ, ಯಾಕೆಂದರೆ ಕೊರೆದದ್ದನ್ನು ಒರೆಸಿ ತೆಗೆಯಲಾಗುವುದಿಲ್ಲ. ಆ ಕೆಲಸಕ್ಕೆ ಯಾರೂ ನೆನೆಯದ ಮನುಷ್ಯರು ಬೇಕು. ಶೆಟ್ಟರು ನನ್ನನ್ನು ಮೂರು ದಿನ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ ನೋಡಿದ್ದರು. ಎರಡನೇ ದಿನ ಒಂದು ಸಲ ಬಿಕ್ಕಳಿಕೆ ಬಂತು. "ಅದು ಯಾರಮ್ಮ?" ಅಂದರು. ಅಪ್ಪ ಅಮ್ಮ ಇಲ್ಲ, ಅಣ್ಣ ಹಡಗಿನಲ್ಲಿದ್ದಾನೆ, ಇವತ್ತು ನನ್ನ ಹುಟ್ಟಿದ ದಿನ ಅಂದೆ. ಅವರಿಗೆ ಸಮಾಧಾನವಾಯಿತು. ಎಂಟು ವರ್ಷ ನನ್ನ ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಅದನ್ನು ನಾನು ಹೆಮ್ಮೆ ಅಂದುಕೊಂಡಿದ್ದೆ.

ಶ್ರೀಮಂಧರ ಊರಿನ ನೀರುಗಂಟಿ. ದೊಡ್ಡ ಟ್ಯಾಂಕಿನಿಂದ ಒಂದೊಂದು ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವವನು. ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಇಡೀ ಊರು ಕೊಡ ಹಿಡಿದು ಅವನನ್ನೇ ನೆನೆಯುತ್ತದೆ, ಅರ್ಧ ಜನ ಬೈದುಕೊಂಡು. ಅವನಿಗೆ ಬಿಕ್ಕಳಿಕೆ ನಿಲ್ಲುವುದೇ ಇಲ್ಲ. ಎರಡು ಬಿಕ್ಕಳಿಕೆಗಳ ನಡುವೆ ಮಾತನ್ನು ತೂರಿಸಿ ಆಡುವುದು ಅವನಿಗೆ ರೂಢಿಯಾಗಿತ್ತು. ಊಟದ ಡಬ್ಬಿಗೆ ಹೆಸರು ಹಾಕಿಸಲು ಬಂದವನು ನಾನು ಬರೆದು ಮುಗಿಸುವವರೆಗೂ ಬಗ್ಗಿ ನೋಡುತ್ತಾ ನಿಂತಿದ್ದ.

"ನಿಮ್ಮ ಕೈ ಎಷ್ಟು ನಿಧಾನ," ಅಂದ.

"ಅವಸರ ಇದ್ದರೆ ನಾಳೆ ಬನ್ನಿ."

"ಅದಕ್ಕಲ್ಲ. ನೋಡೋಕೆ ಚೆನ್ನಾಗಿದೆ ಅಂದೆ."

ಮಾರನೇ ದಿನ ಹನ್ನೊಂದು ಗಂಟೆಗೆ ಯಾರದೋ ಸ್ಟೀಲ್ ತಟ್ಟೆಯ ಮೇಲೆ ಬರೆಯುತ್ತಿದ್ದಾಗ ನನಗೆ ಬಿಕ್ಕಳಿಕೆ ಬಂತು. ರಕಾರದ ಬಾಲ ತಟ್ಟೆಯ ಅಂಚಿನವರೆಗೂ ಓಡಿತು. ಅಂದು ನನ್ನ ಹುಟ್ಟಿದ ದಿನವಲ್ಲ. ಇಡೀ ಊರಲ್ಲಿ ನನ್ನನ್ನು ನೆನೆಯಬಹುದಾದ ಹೊಸ ಮನುಷ್ಯ ಅವನೊಬ್ಬನೇ. ಶೆಟ್ಟರು ತಟ್ಟೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಅವನು ದಿನಾ ಬರತೊಡಗಿದ. ಹತ್ತೂವರೆಗೆ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಇಬ್ಬರೂ ಟೀ ಕುಡಿಯುತ್ತಿದ್ದೆವು. ಮೊದಲ ತಿಂಗಳು ದಿನಕ್ಕೆ ಏಳೆಂಟು ಬಿಕ್ಕಳಿಕೆ. ನಾನು ಕೆಲಸವನ್ನು ಅದಕ್ಕೆ ಹೊಂದಿಸಿಕೊಂಡೆ. ಒಂದು ಬಂದು ಹೋದ ಮೇಲೆ ಬೇಗ ಬೇಗ ನಾಲ್ಕಕ್ಷರ ಬರೆದುಬಿಡುತ್ತಿದ್ದೆ. ಎರಡನೇ ತಿಂಗಳಲ್ಲಿ ಅದು ನಾಲ್ಕಕ್ಕಿಳಿಯಿತು. ಮೂರನೆಯದರಲ್ಲಿ ಎರಡು. ಆಮೇಲೆ ಒಂದು ವಾರ ಏನೂ ಇಲ್ಲ. ಅಕ್ಷರಗಳು ಮೊದಲಿನಷ್ಟೇ ನೆಟ್ಟಗೆ ಬಂದವು. ನನಗೆ ಹಲ್ಲಿ ಅಂದರೆ ಭಯ, ಮಧ್ಯಾಹ್ನ ಮೊಸರನ್ನ ತಿನ್ನುತ್ತೇನೆ, ಅಣ್ಣ ಕಾಗದ ಬರೆಯುವುದಿಲ್ಲ, ಇವೆಲ್ಲ ಅವನಿಗೆ ಗೊತ್ತಾಗಿಹೋಗಿತ್ತು. ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲ ಅನ್ನಿಸಿತು. ಅವನು ದಿನಾ ಬರುತ್ತಿದ್ದ, ಕೂತು ನಗುತ್ತಿದ್ದ. ಆದರೆ ಕಟ್ಟೆಯಿಂದ ಎದ್ದು ಹೋದ ಮೇಲೆ ನಾನು ಅವನ ತಲೆಯಲ್ಲಿ ಇರಲಿಲ್ಲ. ಬೇರೆ ಊರಿನ ಹೆಂಗಸರಿಗೆ ಇದು ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತಿತ್ತು.

ಅಂಗಡಿಯಲ್ಲಿ ತೂಕ ಹಾಕುವ ಜಾಹಿದಾ ನನ್ನ ಮುಖ ನೋಡಿ, "ಎಣ್ಣೆ ಗಾಣದ ಮಹಡಿ ಮೇಲೆ ಕಾತ್ಯಾಯನಿ ಟೀಚರ್ ಇದ್ದಾರೆ. ಕಾಲೇಜಲ್ಲಿ ಮನಶ್ಶಾಸ್ತ್ರ ಹೇಳ್ತಿದ್ದವರು. ಹೋಗಿ ನೋಡು," ಅಂದಳು.

ಟೀಚರ್ ತೆಳ್ಳಗೆ, ನೆಟ್ಟಗೆ ಇದ್ದರು. ಕೋಣೆಯ ತುಂಬ ಹಿಂಡಿಯ ವಾಸನೆ. ನಾನು ಎಲ್ಲ ಹೇಳಿ ಮುಗಿಸುವವರೆಗೆ ಬೆಂಡೆಕಾಯಿ ಹೆಚ್ಚುವುದನ್ನು ಒಮ್ಮೆಯೂ ನಿಲ್ಲಿಸಲಿಲ್ಲ.

"ತಪ್ಪು ನಿನ್ನದೇ," ಅಂದರು. "ಎಲ್ಲಾ ಹೇಳಿಬಿಟ್ಟಿದ್ದೀಯ. ಮನಸ್ಸು ಮುಗಿದ ಕೆಲಸವನ್ನು ಕೆಳಗಿಟ್ಟುಬಿಡುತ್ತೆ. ಅರ್ಧಕ್ಕೆ ನಿಂತದ್ದನ್ನು ಮಾತ್ರ ಹೊತ್ತುಕೊಂಡು ತಿರುಗುತ್ತೆ. ಇವತ್ತಿಂದ ಏನನ್ನೂ ಪೂರ್ತಿ ಹೇಳಬೇಡ."

"ಅದು ಮೋಸ ಅಲ್ವಾ ಟೀಚರ್?"

"ಸುಳ್ಳು ಹೇಳು ಅಂದ್ನಾ ನಾನು? ನಿಲ್ಲಿಸು ಅಂದೆ, ಅಷ್ಟೇ. ಇನ್ನೊಂದು. ದಿನಾ ಸಿಗಬೇಡ. ಎರಡು ದಿನ ಸಿಗು, ಒಂದು ದಿನ ಬೇಡ, ಆಮೇಲೆ ಮತ್ತೆ ಸಿಗು. ಯಾವತ್ತು ಸಿಗ್ತೀಯ ಅಂತ ಅವನಿಗೆ ಲೆಕ್ಕ ಸಿಗಬಾರದು. ಅವನನ್ನ ಇಡೀ ಊರು ನೆನೆಯುತ್ತೆ, ಅವನ ಬಿಕ್ಕಳಿಕೆಯಿಂದ ಏನೂ ಗೊತ್ತಾಗಲ್ಲ. ನಿನ್ನನ್ನ ನೆನೆಯೋನು ಅವನೊಬ್ಬನೇ, ನಿನ್ನದರಲ್ಲಿ ಎಲ್ಲಾ ಗೊತ್ತಾಗುತ್ತೆ. ಇಂಥ ಅನುಕೂಲ ಯಾರಿಗಿದೆ?"

ಮಾರನೇ ದಿನ ಕಟ್ಟೆಯ ಮೇಲೆ ಟೀ ಕುಡಿಯುತ್ತಾ, "ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಅಟ್ಟದ ಮೇಲೆ ಒಬ್ಬ ಮನುಷ್ಯ ಹನ್ನೆರಡು ದಿನ ಇದ್ದ," ಅಂದೆ. ಅದು ನಿಜವೇ.

"ಯಾರು?"

"ಶೆಟ್ಟರು ಕರೀತಿದಾರೆ," ಅಂತ ಎದ್ದು ಹೋದೆ. ಅಂದು ಸಂಜೆಯೊಳಗೆ ಹನ್ನೊಂದು ಬಿಕ್ಕಳಿಕೆ ಬಂದವು. ಅವನು ಮತ್ತೆ ಕೇಳಿದಾಗ, "ಅದೊಂದು ದೊಡ್ಡ ಕಥೆ, ಇನ್ನೊಂದಿನ," ಅಂದೆ. ಒಂದು ಮಂಗಳವಾರ ಕಟ್ಟೆಗೆ ಹೋಗಲೇ ಇಲ್ಲ. ಗೋದಾಮಿನ ಕಿಟಕಿಯಿಂದ ನೋಡುತ್ತಿದ್ದೆ; ಅವನು ಎರಡು ಲೋಟ ಇಟ್ಟುಕೊಂಡು ಕೂತು, ಎರಡನ್ನೂ ತಾನೇ ಕುಡಿದು ಹೋದ. ಪಾಪ ಅನ್ನಿಸಲಿಲ್ಲ ಅಂತಲ್ಲ. ಆದರೆ ಆ ದಿನ ಹದಿನೆಂಟು ಬಂದವು, ನಾನು ಎಣಿಸಿದೆ.

ಚೊಂಬಿನ ಉಪಾಯ ಟೀಚರ್ ಹೇಳಿದ್ದಲ್ಲ, ನನ್ನದೇ. ಅಂಗಡಿಯಿಂದ ಒಂದು ಸಣ್ಣ ತಾಮ್ರದ ಚೊಂಬನ್ನು ನನಗಾಗಿ ತೆಗೆದುಕೊಂಡೆ. ಶ್ರೀಮಂಧರ ಬರುವ ಹೊತ್ತಿಗೆ ಸರಿಯಾಗಿ ಮಿಷನ್ನು ಹಚ್ಚಿ ಅದರ ಮೇಲೆ ಬಗ್ಗಿ ಕೂತೆ. ಅವನು ಹತ್ತಿರ ಬಂದ ಕೂಡಲೇ ಬಟ್ಟೆ ಸುತ್ತಿ ಮೇಜಿನ ಕೆಳಗಿಟ್ಟೆ.

"ಯಾರ ಹೆಸರು ಅದು?"

"ಒಬ್ಬರದು."

"ಗಿರಾಕೀನಾ?"

"ಅಲ್ಲ."

ಅವನು ನಕ್ಕ. ಆದರೆ ಟೀ ಮುಗಿಯುವವರೆಗೆ ಮೇಜಿನ ಕೆಳಗೇ ಕಣ್ಣು. ಆ ವಾರ ಬಿಕ್ಕಳಿಕೆ ದಿನಕ್ಕೆ ಇಪ್ಪತ್ತೈದು ದಾಟಿತು. ಹೊಟ್ಟೆ ನೋಯುತ್ತಿತ್ತು, ಆದರೂ ಒಳಗೊಳಗೇ ಖುಷಿ. ಒಂದು ಮದುವೆಗೆ ಐವತ್ತು ಬಟ್ಟಲು ಬರೆದದ್ದರಲ್ಲಿ ಹದಿಮೂರು ಕೆಟ್ಟವು. ಶೆಟ್ಟರು ಆ ಹದಿಮೂರನ್ನೂ ನನ್ನ ಮುಂದೆ ಸಾಲಾಗಿ ಜೋಡಿಸಿದರು. "ನಿನ್ನ ಸಂತೋಷ ನಿನಗೆ ಇರಲಿ ತಾಯಿ. ಆ ಮದುವೆ ಹುಡುಗಿ ಹೆಸರಿನ ಮೇಲೆ ಗೀಟು ಎಳೆದಿದ್ದೀಯಲ್ಲ, ಅವರಮ್ಮ ನೋಡಿದರೆ ಏನಂದುಕೊಳ್ತಾರೆ?" ಅಂದರು.

ಶ್ರೀಮಂಧರನ ಪ್ರಶ್ನೆಗಳು ಬದಲಾದದ್ದು ಯಾವಾಗ ಅಂತ ನಾನು ಗಮನಿಸಲೇ ಇಲ್ಲ. ಮೊದಲು ಅಟ್ಟದ ಮನುಷ್ಯ ಯಾರು ಅಂತ ಕೇಳುತ್ತಿದ್ದವನು ಈಗ, "ಮಂಗಳವಾರ ಎಲ್ಲಿದ್ರಿ?" ಅಂತ ಕೇಳುತ್ತಿದ್ದ. "ನಿನ್ನೆ ಅಂಗಡಿ ಮುಂದೆ ನೀಲಿ ಸ್ಕೂಟರ್ ನಿಂತಿತ್ತಲ್ಲ, ಯಾರದು?" ಅನ್ನುತ್ತಿದ್ದ. ನಾನು ಕಲಿತ ಪಾಠದಂತೆ ನಕ್ಕು ಸುಮ್ಮನಾಗುತ್ತಿದ್ದೆ. ಸ್ಕೂಟರ್ ಯಾರದೆಂದು ನನಗೂ ಗೊತ್ತಿರಲಿಲ್ಲ. ಅದನ್ನಾದರೂ ಹೇಳಬಹುದಿತ್ತು.

ಒಂದು ಬೆಳಿಗ್ಗೆ ನಮ್ಮ ಬೀದಿಯ ನಲ್ಲಿಯ ಹತ್ತಿರ ಹೋದೆ. ಮಾತಾಡುತ್ತಿದ್ದ ಹೆಂಗಸರು ಸುಮ್ಮನಾದರು. ಒಬ್ಬಳು ಕೊಡ ಸರಿಸಿ ನನಗೆ ಜಾಗ ಬಿಟ್ಟಳು, ಹಿಂದೆಂದೂ ಬಿಟ್ಟವಳಲ್ಲ. ಮನೆಗೆ ಬಂದು ಕೊಡ ಇಳಿಸುವಷ್ಟರಲ್ಲಿ ಒಂದರ ಹಿಂದೊಂದು ಆರು ಬಿಕ್ಕಳಿಕೆ. ಆ ಹೊತ್ತಿನಲ್ಲಿ ಶ್ರೀಮಂಧರನಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಆದರೂ ನಾನು ಅದು ಅವನೇ ಅಂದುಕೊಂಡೆ. ಬೇರೆ ಅಂದುಕೊಳ್ಳಲು ಮನಸ್ಸಿರಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಅವನು ವಾಲ್ವಿನ ಗುಂಡಿಯಲ್ಲಿ ಜಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ನಾನು ಅಂಗಡಿಯಿಂದ ಓಡಿ ಹೋದಾಗ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಅವನ ಅಕ್ಕ ವಿಜಯಮಾಲಾ ಕೂತಿದ್ದರು. ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ನನ್ನನ್ನು ಮುಖ, ಹೆಸರಿನಿಂದಷ್ಟೇ ಬಲ್ಲವರು.

"ಈಗ ತಾನೇ ಒಳಗೆ ಕರ್ಕೊಂಡು ಹೋದರು. ಎಚ್ಚರ ತಪ್ಪಿಸಿ ಮೂಳೆ ಕೂರಿಸ್ತಾರಂತೆ. ಕೂತ್ಕೋ ಬಾ," ಅಂತ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಆ ಕೈ ಬೆಚ್ಚಗಿತ್ತು. ಸ್ವಲ್ಪ ಹೊತ್ತು ಇಬ್ಬರೂ ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂತೆವು.

ಆಗ ನನಗೆ ಬಿಕ್ಕಳಿಕೆ ಬಂತು.

ವಿಜಯಮಾಲಾ ಬಾಗಿಲ ಕಡೆ ನೋಡಿದರು. ಮತ್ತೆ ಬಂತು. ನಾನು ಸೆರಗನ್ನು ಬಾಯಿಗೊತ್ತಿಕೊಂಡೆ. ಮೂರನೆಯದು, ನಾಲ್ಕನೆಯದು. ಅಲ್ಲಿಂದ ಹಾದುಹೋಗುತ್ತಿದ್ದ ನರ್ಸ್ ನಿಂತು, ಬಾಗಿಲನ್ನೂ ನನ್ನನ್ನೂ ನೋಡಿ ಹೋದಳು. ಒಳಗೆ ಅವನಿಗೆ ಎಚ್ಚರವಿಲ್ಲ. ಎಚ್ಚರವಿಲ್ಲದವನು ಯಾರನ್ನೂ ನೆನೆಯಲಾರ.

ವಿಜಯಮಾಲಾ ನಿಧಾನವಾಗಿ ನನ್ನ ಕೈ ಬಿಟ್ಟರು.

"ಅಕ್ಕ, ನನಗೆ ಗೊತ್ತಿಲ್ಲ ಇದು ಯಾರು ಅಂತ," ಅಂದೆ.

"ನಾನು ಏನೂ ಕೇಳಲಿಲ್ವಲ್ಲಮ್ಮ."

"ನನ್ನನ್ನ ನೆನೆಯೋರು ಯಾರೂ ಇಲ್ಲ."

"ಇದ್ದಾರಲ್ಲ," ಅಂದರು. ಗಟ್ಟಿಯಾಗಿ ಹೇಳಲಿಲ್ಲ. "ಅವನು ಒಂದು ತಿಂಗಳಿಂದ ಸರಿಯಾಗಿ ಉಣ್ತಿಲ್ಲ. ಯಾವುದೋ ಚೊಂಬು ಅಂತಾನೆ, ಯಾವುದೋ ಹೆಸರು ಅಂತಾನೆ. ಬೀದಿ ಬೀದಿಯ ನಲ್ಲೀಲೂ ಕೇಳ್ಕೊಂಡು ಬಂದಿದಾನೆ, ವಾರಿಜಾ ಯಾರ ಜೊತೆ ಓಡಾಡ್ತಾಳೆ ಅಂತ. ಇವತ್ತು ಗುಂಡಿ ಹತ್ರಾನೂ ಅದೇ ಯೋಚನೇಲಿ ಕಾಲು ಜಾರಿರಬೇಕು. ನೀನು ಈಗ ಹೊರಡು."

ಮನೆಗೆ ನಡೆದು ಬರುತ್ತಾ ನನಗೆ ಅರ್ಥವಾಯಿತು. ಅವನು ಕೇಳಿದ ಪ್ರತಿ ಮನೆಯೂ ಈಗ ನನ್ನನ್ನು ನೆನೆಯುತ್ತಿತ್ತು. ವಾರಿಜಾ ಯಾರ ಜೊತೆ ಅಂತ ಸಾರು ಕುದಿಸುತ್ತಾ, ಬಟ್ಟೆ ಒಗೆಯುತ್ತಾ ನೂರು ಜನ ಯೋಚಿಸುತ್ತಿದ್ದರು. ಅಷ್ಟು ದಿನ ನಾನು ಎಣಿಸಿ ಖುಷಿಪಟ್ಟದ್ದರಲ್ಲಿ ಅವನದೆಷ್ಟು, ಊರಿನದೆಷ್ಟು, ಹೇಳುವವರಿಲ್ಲ. ಮರುದಿನ ಅಂಗಡಿಯಲ್ಲಿ ಒಂದು ಅಕ್ಷರವನ್ನೂ ನೆಟ್ಟಗೆ ಬರೆಯಲಾಗಲಿಲ್ಲ. ಶೆಟ್ಟರು ಮಿಷನ್ನಿನ ಪ್ಲಗ್ ತಾವೇ ಕಿತ್ತು, "ಸ್ವಲ್ಪ ದಿನ ಮನೇಲಿರು," ಅಂದರು. ನನ್ನ ಕುರ್ಚಿಗೆ ಅದೇ ವಾರ ಒಬ್ಬ ಮುದುಕ ಬಂದು ಕೂತ. ಅವನನ್ನು ಯಾರೂ ನೆನೆಯುತ್ತಿರಲಿಲ್ಲ.

ಟೀಚರ್ ಹತ್ತಿರ ಹೋದೆ. ಅವರು ಎಲ್ಲ ಕೇಳಿ ತಲೆಯಾಡಿಸಿದರು. "ಒಳ್ಳೇದೇ ಆಯ್ತು. ಈಗ ಏನೂ ಹೇಳಬೇಡ. ಎರಡು ವಾರ ಪೂರ್ತಿ ಸುಮ್ಮನಿರು. ಅವನು ಎಲ್ಲೂ ಹೋಗಲಾರ."

"ಅವರಿಗೆ ಊಟ ಸೇರ್ತಿಲ್ಲವಂತೆ."

"ಸೇರಲ್ಲ. ಅದೇ ಗುರುತು."

ನಾನು ಅಲ್ಲಿಯವರೆಗೆ ಕೇಳದಿದ್ದದ್ದನ್ನು ಕೇಳಿದೆ. "ನಿಮ್ಮ ಯಜಮಾನರು?"

"ಬಿಟ್ಟುಹೋಗಿ ಹದಿನೇಳು ವರ್ಷ ಆಯ್ತು," ಅಂದರು ಟೀಚರ್. ಕತ್ತು ಇನ್ನಷ್ಟು ನೆಟ್ಟಗಾಯಿತು. "ಹೋದ ಮೇಲೆ ಒಂದು ವರ್ಷ ದಿನಕ್ಕೆ ಅರವತ್ತು ಸಲ ಬರ್ತಿತ್ತು ನನಗೆ. ಅರವತ್ತು. ಜೊತೇಲಿದ್ದಾಗ ಅವರು ಹೊರಗೆ ಹೋದರೂ ಒಂದು ಬರ್ತಿರಲಿಲ್ಲ." ಅದನ್ನು ಗೆದ್ದವರ ಹಾಗೆ ಹೇಳಿದರು. ನಾನು ಅಲ್ಲಿಗೆ ಹೋದ ಎರಡು ಸಲವೂ ಅವರಿಗೆ ಒಂದು ಬಿಕ್ಕಳಿಕೆಯೂ ಬಂದಿರಲಿಲ್ಲ. ಮೆಟ್ಟಿಲಿಳಿದು ಬಂದವಳು ಮನೆಯಿಂದ ಚೊಂಬು ತೆಗೆದುಕೊಂಡು ನೇರ ಶ್ರೀಮಂಧರನ ಮನೆಗೆ ಹೋದೆ.

ಅವನು ಹೊರಗಿನ ಮೆಟ್ಟಿಲ ಮೇಲೆ, ಕೈಗೆ ಪಟ್ಟಿ ಕಟ್ಟಿಕೊಂಡು ಬಿಸಿಲಿಗೆ ಕೂತಿದ್ದ. ಅವನ ಮುಖ ನಾನು ನೋಡಿದ್ದಕ್ಕಿಂತ ಶಾಂತವಾಗಿತ್ತು. ಏನೋ ಕಡಿಮೆಯಾಗಿದೆ ಅನ್ನಿಸಿ ನಿಂತು ನೋಡಿದೆ. ಬಿಕ್ಕಳಿಕೆ ಇರಲಿಲ್ಲ. ನೀರು ಬಿಡಲು ಬದಲಿ ಮನುಷ್ಯ ಬಂದಿದ್ದ, ಊರು ಈಗ ಆ ಬದಲಿಯವನನ್ನು ನೆನೆಯುತ್ತಿತ್ತು.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಟೀಚರ್, ಪಾಠ, ಗೋದಾಮಿನ ಕಿಟಕಿ, ಎಣಿಕೆ. ನಡುನಡುವೆ ನನಗೆ ಬಿಕ್ಕಳಿಕೆ ಬರುತ್ತಿತ್ತು, ಅವನು ನನ್ನ ಕಣ್ಣೆದುರಿಗೇ ಇದ್ದ, ಆದ್ದರಿಂದ ಅದು ಅವನಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ನಿಲ್ಲಿಸದೆ ಹೇಳಿದೆ. ಅಟ್ಟದ ಮನುಷ್ಯನ ಕಥೆಯನ್ನೂ ಮುಗಿಸಿದೆ. ಆ ಮನುಷ್ಯ ನಮ್ಮ ಮನೆಯ ಒಡೆದ ಹೆಂಚು ಬದಲಿಸಲು ಬಂದವನು. ಅಟ್ಟದ ಮೇಲೆ ಕಾಲು ಉಳುಕಿ ಏಣಿ ಇಳಿಯಲಾಗದೆ ಹನ್ನೆರಡು ದಿನ ಅಲ್ಲೇ ಮಲಗಿದ್ದ. ಅಮ್ಮ ಊಟವನ್ನು ಮೇಲಕ್ಕೆ ಕಳಿಸುತ್ತಿದ್ದಳು. ವಾಸಿಯಾದ ಮೇಲೆ ಕೈ ಮುಗಿದು ಹೋದ.

"ಇಷ್ಟೇನಾ?" ಅಂದ.

"ಇಷ್ಟೇ."

ಚೊಂಬಿನ ಬಟ್ಟೆ ಬಿಚ್ಚಿ ಅವನ ಮಡಿಲಲ್ಲಿಟ್ಟೆ. ಅದರ ಮೇಲೆ ಏನೂ ಬರೆದಿರಲಿಲ್ಲ. ಅವತ್ತು ಮಿಷನ್ನಿನ ಮೊನೆಯನ್ನು ತಾಗಿಸದೆ ಸುಮ್ಮನೆ ಸದ್ದು ಮಾಡಿಸಿದ್ದೆ. ಅವನು ಎಡಗೈಯಲ್ಲಿ ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದ, ಹೆಬ್ಬೆರಳಿನಿಂದ ಸುತ್ತಲೂ ಸವರಿದ.

"ಉಜ್ಜಿ ತೆಗೆದಿರಬಹುದು," ಅಂದ.

"ಉಜ್ಜಿದರೆ ಆ ಜಾಗ ತಗ್ಗಾಗುತ್ತೆ. ಬೆರಳಿಗೆ ಗೊತ್ತಾಗುತ್ತೆ."

"ಇದು ಬೇರೆ ಚೊಂಬಿರಬಹುದು."

ಅವನು ಸಿಟ್ಟಿನಲ್ಲಿ ಮಾತಾಡುತ್ತಿರಲಿಲ್ಲ. ಜ್ವರ ಬಂದವರು ನೀರು ಕೇಳುವ ಹಾಗೆ ಕೇಳುತ್ತಿದ್ದ.

"ಒಂದು ಮಾತು ಹೇಳ್ತೀನಿ," ಅಂದ. "ಎಂಟು ದಿನದಿಂದ ನಾನು ನೀರು ಬಿಡ್ತಿಲ್ಲ. ಊರು ನನ್ನ ಮರೆತಿದೆ. ಅಕ್ಕ ಎದುರಿಗೇ ಇರ್ತಾಳೆ. ಆದರೂ ದಿನಾ ಬರ್ತಿದೆ, ಬೆಳಿಗ್ಗೆ ಎದ್ದ ಕೂಡಲೇ ಒಂದು, ಹತ್ತೂವರೆಗೆ ಸರಿಯಾಗಿ ಮೂರು ನಾಲ್ಕು. ಅದು ನೀವು. ನನಗೆ ಗೊತ್ತು. ನೀವು ಈ ಮೆಟ್ಟಿಲ ಹತ್ರ ಬಂದ ಮೇಲೆ ನಿಂತಿದೆ."

"ಮತ್ತೆ?"

"ಹೋದ ವರ್ಷ ನಾನು ರಜದಲ್ಲಿದ್ದಾಗ ಒಂದೂ ಬರಲಿಲ್ಲ. ಒಬ್ಬರಾದರೂ ನೆನೀತಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅಂದುಕೊಂಡಿದ್ದೆ. ಈಗ ಇದೆ. ಆದರೆ ನೀವು ಪ್ರೀತಿಯಿಂದ ನೆನೀತೀರೋ, ಪಾಠ ಹೇಗೆ ನಡೀತಿದೆ ಅಂತ ಲೆಕ್ಕ ಹಾಕ್ತಾ ನೆನೀತೀರೋ, ಅದು ಗೊತ್ತಾಗ್ತಿಲ್ಲ. ಈಗ ಬಂದು ಎಲ್ಲಾ ಹೇಳಿದಿರಲ್ಲ, ಇದೂ ಒಂದು ಪಾಠ ಇರಬಹುದು ಅನ್ನಿಸ್ತಿದೆ. ನಂಬಬೇಕು ಅಂತ ಇದೆ ವಾರಿಜಾ. ಆಗ್ತಿಲ್ಲ."

ಬಾಗಿಲ ಒಳಗೆ ವಿಜಯಮಾಲಾ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ. ನಾನು ಚೊಂಬನ್ನು ಅಲ್ಲೇ ಬಿಟ್ಟು ಬಂದೆ.

ಊರಿನ ಕುತೂಹಲ ನಾನು ಹೆದರಿದಷ್ಟು ದಿನ ನಿಲ್ಲಲಿಲ್ಲ. ಯಾರದೋ ಮನೆಯ ಸೊಸೆ ಹೇಳದೆ ಕೇಳದೆ ತವರಿಗೆ ಹೋದಳು, ಜನರಿಗೆ ಅದು ಸಿಕ್ಕಿತು. ನನ್ನ ಬಿಕ್ಕಳಿಕೆ ದಿನಕ್ಕೆ ಹತ್ತಾಯಿತು, ಐದಾಯಿತು. ಶೆಟ್ಟರು ಹಳೇ ಹಿತ್ತಾಳೆ ಪಾತ್ರೆಗಳನ್ನು ಉಜ್ಜಿ ಹೊಳಪು ಮಾಡಲು ಮನೆಗೇ ಕಳಿಸುತ್ತಿದ್ದರು. ಆ ಕೆಲಸಕ್ಕೆ ಕೈ ಅಲುಗಿದರೂ ನಡೆಯುತ್ತದೆ. ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಬಾಗಿಲಲ್ಲಿ ಕೂತಿರುತ್ತಿದ್ದೆ. ಶ್ರೀಮಂಧರ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ ಅಂತ ನಲ್ಲಿಯಲ್ಲಿ ಬೀಳುವ ನೀರಿನ ರಭಸದಲ್ಲೇ ಗೊತ್ತಾಯಿತು. ಬದಲಿಯವನು ವಾಲ್ವನ್ನು ಪೂರ್ತಿ ತಿರುಗಿಸುತ್ತಿರಲಿಲ್ಲ. ನಾನು ಅವನ ದಾರಿಗೆ ಹೋಗಲಿಲ್ಲ. ಅದು ಉಪಾಯವಲ್ಲ, ನಾಚಿಕೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ ಅನ್ನುವುದು ನನ್ನನ್ನು ಕಾಡುತ್ತಿತ್ತು.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನು ನಮ್ಮ ಮನೆಯ ಮುಂದೆ ಬಂದು ನಿಂತ. ತೆಳ್ಳಗಾಗಿದ್ದ. ಭುಜ ಒಂದು ಕಡೆ ಸ್ವಲ್ಪ ಇಳಿದಿತ್ತು. ಏನು ಕೇಳುತ್ತಾನೋ ಅಂತ ನಾನು ಕೈಯಲ್ಲಿದ್ದ ಹಂಡೆಯ ಮುಚ್ಚಳವನ್ನು ಕೆಳಗಿಟ್ಟೆ. ಸ್ಕೂಟರಿನ ಮಾತು ಬರಬಹುದು, ಚೊಂಬಿನ ಮೇಲಿನ ಹೆಸರಿನ ಮಾತು ಬರಬಹುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

"ಊಟ ಆಯ್ತಾ?" ಅಂದ.

"ಆಯ್ತು," ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಅನ್ನ, ಹುರುಳಿಕಾಯಿ ಪಲ್ಯ. ಪಲ್ಯ ತಳ ಹಿಡಿದಿತ್ತು. ಸೀದದ್ದನ್ನು ತೆಗೆದು ಉಳಿದದ್ದು ತಿಂದೆ. ಮಜ್ಜಿಗೆ ಹುಳಿಯಾಗಿತ್ತು. ಒಂದು ತುತ್ತು ಅನ್ನ ಹಾಗೇ ಉಳಿದಿದೆ, ಸಂಜೆಗೆ ಆಗುತ್ತೆ ಅಂತ ಮುಚ್ಚಿಟ್ಟಿದೀನಿ."

ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಕಣ್ಣು ತಾನಾಗಿ ನನ್ನನ್ನು ದಾಟಿ ಹೋಯಿತು, ಅರ್ಧ ಮುಚ್ಚಿದ್ದ ಒಳಬಾಗಿಲ ಕಡೆಗೆ. ನೋಡಿದ್ದಕ್ಕೆ ಅವನಿಗೇ ಬೇಸರವಾಗಿ ತಲೆ ತಗ್ಗಿಸಿದ. ನಾನು ಎದ್ದು ಹೋಗಿ ಆ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದೆ. ಒಲೆ, ನೀರಿನ ಹಂಡೆ, ಮಡಿಸಿಟ್ಟ ಚಾಪೆ, ಹಿತ್ತಲಿನ ಬೆಳಕು ಎಲ್ಲ ಅವನು ನಿಂತಲ್ಲಿಂದಲೇ ಕಾಣುತ್ತಿತ್ತು. ಬಾಗಿಲು ಮತ್ತೆ ಮುಚ್ಚದ ಹಾಗೆ ಒರಳುಕಲ್ಲನ್ನು ಸರಿಸಿ ಅಡ್ಡ ಇಟ್ಟೆ. ತಿರುಗಿ ನೋಡಿದಾಗ ಅವನು ಚಪ್ಪಲಿ ಬಿಟ್ಟು, ಪಾತ್ರೆಗಳ ನಡುವೆ ಜಾಗ ಮಾಡಿಕೊಂಡು ಕೂತಿದ್ದ.